ಎರಡನೆಯ ಬಟ್ಟೆಯ ಕೆಳಗೆ

ಬೆಳಿಗ್ಗೆ ಒಂಬತ್ತಕ್ಕೆ ಮೇಲ್ವಿಚಾರಕಿ ಎರಡನೆಯ ಬಟ್ಟೆ ಎತ್ತಿದಳು. ಕೆಳಗೆ ರೇಡಿಯೊ ಇರಲಿಲ್ಲ.

ಅದರ ಜಾಗದಲ್ಲಿ ಹಳೆಯ ಟೆಲಿಫೋನ್ ಡೈರೆಕ್ಟರಿಗಳು — ಎರಡು, ಒಂದರ ಮೇಲೊಂದು. ಬಾಗಿಲಲ್ಲಿ ನಿಂತು ನೋಡಿದವರಿಗೆ ಎಲ್ಲ ನಿನ್ನೆಯ ಹಾಗೇ ಕಾಣಬೇಕು, ಅಷ್ಟು ಅಚ್ಚುಕಟ್ಟು. ಆ ಸೆಟ್ಟಿನ ಕರಿ ಅಡಾಪ್ಟರ್ ಮಾತ್ರ ಗೋಡೆಯ ಸಾಕೆಟ್ಟಿನಲ್ಲೇ ಇತ್ತು. ವೈರು ಮೇಜಿನ ಅಂಚಿನಿಂದ ಜೋತುಬಿದ್ದಿತ್ತು.

ಸೆಟ್ಟು ಅಂಗಡಿಯವರದು!

ಅದು ವಯಸ್ಸಾದವರು ಹಗಲು ಹೊತ್ತು ಬಂದು ಕೂರುವ ಮನೆ. ಹಳೆಯ ರೇಡಿಯೊ ಕೈಕೊಟ್ಟಿತ್ತು. ಡಿಜಿಟಲ್ ರೇಡಿಯೊ ಕೊಳ್ಳೋಣವೆಂದು ಎಲ್ಲರ ಆಸೆ. ಮಾತು ಬಿಡಿಬಿಡಿಯಾಗಿ ಕೇಳಬೇಕು, ಹಾಡು ಡಬ್ಬಿಯೊಳಗಿಂದ ಬಂದಂತಿರಬಾರದು, ಬೆಲೆ ಮಾತ್ರ ಕೈಗೆಟುಕಬೇಕು. ಅಂಗಡಿಯವನು ಮೂರು ಸೆಟ್ಟು ಪರೀಕ್ಷೆಗೆ ಕೊಟ್ಟಿದ್ದ. ಹೊಳಪು ನೋಡಿ ಮರುಳಾಗಬಾರದೆಂದು ಮೂರಕ್ಕೂ ತೆಳು ಬಟ್ಟೆ ಹೊದಿಸಿ, ನಿನ್ನೆ ಮಧ್ಯಾಹ್ನ ಇಪ್ಪತ್ತು ಜನರೆದುರು ಒಂದೊಂದಾಗಿ ಹಾಡಿಸಿದ್ದರು. ತೀರ್ಪು ಹೇಳಿದವರು ರೇಡಿಯೊ ಮಾವ. ನಲವತ್ತು ವರ್ಷ ರೇಡಿಯೊ ರಿಪೇರಿ ಮಾಡಿದ ಕೈ, ಊರೇ ಹೊಗಳಿದ ಕಿವಿ.

"ಎರಡನೇದು. ಎರಡು ಮಾತಿಲ್ಲ," ಅಂದಿದ್ದರು ಮಾವ. ಬೆಲೆಪಟ್ಟಿ ನೋಡಿದರೆ ಮೂರರಲ್ಲಿ ಅಗ್ಗದ್ದೂ ಅದೇ. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಈಗ ಆ ಎರಡನೆಯದೇ ಮಾಯ.

ಬಾಗಿಲಿನ ಬೀಗ ಮುರಿದಿರಲಿಲ್ಲ. ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ: ಒಂದು ಅವಳ ಬಳಿ, ಇನ್ನೊಂದು ನೆಲ ಒರೆಸುವ ಹೆಂಗಸಿನ ಬಳಿ.

"ನಿನ್ನೆ ಕೊನೆಗೆ ಹೋದವಳು ನೀನೇ ತಾನೆ?"

"ಹೌದು ಮೇಡಂ. ಮಧ್ಯೆ ರೇಡಿಯೊ ಮಾವ ಒಂದ್ಸಲ ವಾಪಸ್ ಬಂದಿದ್ರು. ಕನ್ನಡಕ ಮರ್ತೆ ಅಂದ್ರು. ನಾನು ಹಿಂದುಗಡೆ ಒರೆಸ್ತಿದ್ದೆ."

"ಅಂಥ ದೊಡ್ಡವರ ಮೇಲೆ ಹಾಕ್ತೀಯಾ? ನಾಚಿಕೆ ಆಗಲ್ವಾ? ಚೀಲ ತಾ ಇಲ್ಲಿ!"

ಆಗಲೇ ಬಂದು ಕೂತಿದ್ದ ಏಳೆಂಟು ಮಂದಿಯ ಕಣ್ಣೆದುರು ಮೇಲ್ವಿಚಾರಕಿ ಆ ಚೀಲವನ್ನು ಮೇಜಿನ ಮೇಲೆ ಸುರಿದಳು. ಬಾಚಣಿಗೆ. ಕಾಗದದಲ್ಲಿ ಸುತ್ತಿದ ಎರಡು ತುಂಡು ಬ್ರೆಡ್ಡು. ಹೊಲಿಗೆ ಬಿಚ್ಚಿದ ಒಳಲಂಗ. ಒಂದು ಬಸ್ ಟಿಕೆಟ್ಟು — ಅದರ ಹಿಂದೆ ಎರಡನೆಯ ಸೆಟ್ಟಿನ ಹೆಸರು, ಬೆಲೆ.

"ಇದೇನಿದು?"

"ನಮ್ಮತ್ತೆಗೆ ಕಣ್ಣು ಕಾಣಲ್ಲ ಮೇಡಂ. ಅಗ್ಗದ್ದು, ಒಳ್ಳೇದು ಅಂತ ಮಾವ ಹೇಳಿದ್ರಲ್ಲ. ಮುಂದೆ ಯಾವಾಗಾದ್ರೂ ತಗೊಳ್ಳೋಣ ಅಂತ ಬರ್ಕೊಂಡೆ."

"ತಗೊಳ್ಳೋಣ ಅಂತಲೋ, ಎತ್ಕೊಳ್ಳೋಣ ಅಂತಲೋ?"

ಹೆಂಗಸು ಮೊದಲು ಒಳಲಂಗ ಮಡಚಿ ಚೀಲಕ್ಕೆ ಹಾಕಿದಳು, ಆಮೇಲೆ ಉಳಿದದ್ದು. "ಕಳ್ಳಿ ಅನ್ನಿಸ್ಕೊಂಡು ಮನೆಗೆ ಹೋಗಲ್ಲ ನಾನು. ಪೊಲೀಸರನ್ನ ಕರೀರಿ," ಎಂದು ಹೊರಗಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಮೇಲ್ವಿಚಾರಕಿ ಫೋನಿಗೆ ಕೈ ಹಾಕುವಷ್ಟರಲ್ಲಿ ಮೂಲೆಯ ಕುರ್ಚಿಯಿಂದ ಎಕ್ಸ್‌ಚೇಂಜ್ ಅಮ್ಮ ಎದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದವರು. ಯಾರು ನಿಜ ಹೇಳುತ್ತಿದ್ದಾರೆ, ಯಾರು ನುಂಗಿಕೊಳ್ಳುತ್ತಿದ್ದಾರೆ ಎಂದು ದನಿಯಲ್ಲೇ ಹಿಡಿಯುತ್ತಾರೆಂದು ಹೆಸರು.

"ಫೋನ್ ಇಡಮ್ಮ. ಆಫೀಸಿಗೆ ಬಾ. ಬರುವಾಗ ಆ ಕರಿ ಅಡಾಪ್ಟರೂ ಒಂದನೇ ಸೆಟ್ಟೂ ತಗೊಂಡು ಬಾ."

ಆಫೀಸಿನ ಬಾಗಿಲು ಮುಚ್ಚಿತು.

"ಕಳ್ಳ ಅಡಾಪ್ಟರ್ ಬಿಟ್ಟು ಹೋದ. ಯಾಕೆ?"

"ಅವಸರ ಇರಬೇಕು."

"ಡೈರೆಕ್ಟರಿ ಹುಡುಕಿ ಜೋಡಿಸೋಕೆ ಪುರಸೊತ್ತಿತ್ತು, ಒಂದು ಪಿನ್ ಕೀಳೋಕೆ ಇರಲಿಲ್ವಾ? ಮಾರೋನು ಅಡಾಪ್ಟರ್ ಬಿಡಲ್ಲ. ಮನೇಲಿ ಕೇಳೋನೂ ಬಿಡಲ್ಲ. ಮನೇಲಿ ಯಾವ ಸೆಟ್ಟಿಗೂ ಕರೆಂಟು ಕೊಡೋ ಏರ್ಪಾಡು ಇರೋನು ಬಿಡ್ತಾನೆ. ಸರಿ — ನಿನ್ನೆ ಎರಡನೇ ಸೆಟ್ಟು ಹಾಡುವಾಗ ನಿನಗೇನು ಕೇಳಿಸ್ತು?"

ಮೇಲ್ವಿಚಾರಕಿ ತಡವರಿಸಿದಳು. "ಒಂದು... ಸಣ್ಣ ಸಿಳ್ಳೆ. ಸೊಳ್ಳೆ ಹಾಗೆ, ಕುಂಯ್ ಅಂತ. ಉದ್ದಕ್ಕೂ ಇತ್ತು."

"ಹೇಳಲಿಲ್ಲ ಯಾಕೆ?"

"ಮಾವನೇ ಚೆನ್ನಾಗಿದೆ ಅಂದ ಮೇಲೆ ನನ್ನ ಕಿವಿಯದ್ದೇ ದೋಷ ಅಂದ್ಕೊಂಡೆ."

"ಎಲ್ಲರೂ ಹಾಗೇ ಅಂದ್ಕೊಂಡ್ರು. ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ ನಾವು. ಇನ್ನೊಂದು ಪ್ರಶ್ನೆ. ಮಾವನ ಕನ್ನಡಕ ಎಲ್ಲಿರುತ್ತೆ?"

"ಕೊರಳಲ್ಲಿ. ದಾರ ಕಟ್ಟಿ..."

"ದಾರ ಕಟ್ಟಿ ಕೊರಳಿಗೆ ಹಾಕ್ಕೊಂಡಿರೋದನ್ನ ಯಾರಾದ್ರೂ ಮರೆತು ಹೋಗ್ತಾರಾ? ಆ ಹೆಂಗಸು ನಿನಗೆ ಸುಳಿವನ್ನ ಕೈಗೇ ಕೊಟ್ಟಳು. ನೀನು ಅವಳ ಚೀಲ ಸುರಿದೆ."

"ಮಾವನಾ? ಯಾಕೆ? ಅವರಿಗೆ ಏನು ಕಮ್ಮಿ?"

"ಕಿವಿ," ಅಂದರು ಅಮ್ಮ. "ಸಣ್ಣ ಸದ್ದು ಅವರಿಗೆ ಈಗ ಕೇಳಿಸಲ್ಲ. ಮಾತಾಡೋರ ತುಟಿ ನೋಡ್ತಾರೆ, ಗಮನಿಸಿದ್ದೀಯಾ? ಪಾಪದಲ್ಲಿ ನನ್ನದೂ ಪಾಲಿದೆ. ನಿನ್ನೆ ಗೇಟಿನ ಹತ್ತಿರ ನಾನೇ ಕೇಳಿದೆ — ಅಷ್ಟು ಸಿಳ್ಳೆ ಇದ್ರೂ ಅದನ್ನೇ ಆರಿಸಿದ್ರಲ್ಲ ಅಂತ. ಮುಖ ಸುಣ್ಣದ ಹಾಗಾಯ್ತು. ಕನ್ನಡಕ ಮರ್ತೆ ಅಂತ ತಿರುಗಿ ಬಂದದ್ದು ಆಮೇಲೆ. ಮನೆಗೆ ಒಯ್ದು ರಿಪೇರಿ ಮಾಡಿ, ಅಂಗಡಿಯವನು ಬರೋದರೊಳಗೆ ತಂದಿಡೋ ಯೋಚನೆ. ತಮ್ಮ ತೀರ್ಪು ಉಳೀಬೇಕಲ್ಲ."

ಅಮ್ಮ ಕರಿ ಅಡಾಪ್ಟರನ್ನು, ನಿನ್ನೆ ಸಿಳ್ಳೆಯಿಲ್ಲದೆ ಹಾಡಿದ್ದ ಒಂದನೆಯ ಸೆಟ್ಟಿಗೆ ಚುಚ್ಚಿ ಗುಂಡಿ ಒತ್ತಿದರು. ವಾರ್ತೆಯ ಹಿಂದೆ ಸಿಳ್ಳೆ — ಕುಂಯ್.

"ಕೇಳು! ದೋಷ ಸೆಟ್ಟಿನದಲ್ಲ. ಈ ಕರಿ ಡಬ್ಬಿಯದು. ಅದನ್ನೇ ಬಿಟ್ಟು ಹೋಗಿದ್ದಾರೆ, ಪಾಪ."

ಹನ್ನೊಂದಕ್ಕೆ ರೇಡಿಯೊ ಮಾವ ಆಫೀಸಿಗೆ ಬಂದರು. ಕೈಯಲ್ಲಿ ಸಲಕರಣೆ ಚೀಲ. ಇಬ್ಬರ ಮುಖ ನೋಡಿದರು. ಏನೂ ಕೇಳದೆ ಚೀಲದಿಂದ ಸೆಟ್ಟು ತೆಗೆದು ಮೇಜಿನ ಮೇಲಿಟ್ಟರು. ಅಮ್ಮ ಒಂದನೆಯ ಸೆಟ್ಟಿನ ಅಡಾಪ್ಟರಿನಿಂದ ಅದನ್ನು ಹಾಡಿಸಿದರು. ತುಂಬಿದ ದನಿ, ತಿಳಿಯಾದ ಮಾತು, ಸಿಳ್ಳೆಯ ಸುಳಿವಿಲ್ಲ.

"ಹೋಯ್ತಾ?" ಮಾವ ಮೇಲ್ವಿಚಾರಕಿಯ ತುಟಿಯನ್ನೇ ನೋಡುತ್ತಿದ್ದರು. "ಈಗ ಸಿಳ್ಳೆ ಇಲ್ಲ, ಅಲ್ವಾ?"

"ಇಲ್ಲ ಮಾವ. ಏನು ಮಾಡಿದ್ರಿ?"

"ಬಿಚ್ಚಿದೆ. ಮುಚ್ಚಿದೆ. ಮತ್ತೆ ಬಿಚ್ಚಿದೆ. ಏನೂ ಸಿಗಲಿಲ್ಲ ತಾಯಿ. ಸಿಳ್ಳೆ ಇದೆಯೋ ಹೋಯಿತೋ ಅಂತ ಕೇಳೋದಕ್ಕೆ ಮನೇಲಿ ಯಾರೂ ಇಲ್ಲ."

ಆರಿಸಿದ್ದು ಸರಿಯೇ ಇತ್ತು, ಕೆಟ್ಟದ್ದು ಅಡಾಪ್ಟರ್ ಎಂದು ಅಮ್ಮ ಬಿಡಿಸಿ ಹೇಳಿದರು. ಮಾವನ ಮುಖ ಅರಳಲಿಲ್ಲ. ಕಿಟಕಿಯಾಚೆ ಮೆಟ್ಟಿಲ ಮೇಲೆ ಇನ್ನೂ ಕೂತಿದ್ದವಳನ್ನು ಕಂಡು, "ಆಕೆ ಯಾಕೆ ಇನ್ನೂ ಅಲ್ಲಿ?" ಎಂದರು. ಉತ್ತರ ಕೇಳಿದ ಮೇಲೆ ಕುರ್ಚಿಗೆ ಕುಸಿದರು.

ಮೇಲ್ವಿಚಾರಕಿಗೆ ನೆಲ ಬಿರಿದು ನುಂಗಬಾರದೆ ಅನ್ನಿಸಿತು. ಮೆಟ್ಟಿಲಿಗೆ ಹೋಗಿ ಮೆಲ್ಲಗೆ, "ತಪ್ಪಾಯ್ತು ಅಕ್ಕ," ಅಂದಳು. ಎಂಟು ವರ್ಷದಲ್ಲಿ ಅವಳನ್ನು ಅಕ್ಕ ಎಂದು ಕರೆದದ್ದು ಅದೇ ಮೊದಲು.

ಆಕೆ ತಲೆ ಎತ್ತಲಿಲ್ಲ. "ಚೀಲ ಎಲ್ಲಿ ಸುರಿದ್ರಿ ಮೇಡಂ?"

"...ಒಳಗೆ. ಎಲ್ಲರ ಮುಂದೆ."

"ಮತ್ತೆ?"

ಅಷ್ಟೇ ಅಂದದ್ದು.

ಹಜಾರದಲ್ಲಿ ಅಷ್ಟು ಹೊತ್ತಿಗೆ ಇಪ್ಪತ್ತೂ ಜನ ಸೇರಿದ್ದರು. ಹೆಂಗಸು ಬಾಗಿಲ ಬಳಿ ನಿಂತಳು. ಮೇಲ್ವಿಚಾರಕಿ ಮೇಜಿನ ಪಕ್ಕದಲ್ಲಿ ನಿಂತು ಶುರು ಮಾಡಿದಳು: ತಾನು ಸುಮ್ಮಸುಮ್ಮನೆ ಕಳ್ಳತನ ಹೊರಿಸಿದೆ, ಆಕೆ ಹೇಳಿದ ನಿಜವನ್ನು ಕೇಳಲಿಲ್ಲ... ದನಿ ಇಳಿಯುತ್ತಾ ಹೋಯಿತು. ಕೊನೆಯ ಮಾತುಗಳು ಅವಳಿಗೇ ಕೇಳಿಸಲಿಲ್ಲ.

ಹಿಂದಿನ ಸಾಲಿನಲ್ಲಿ ರೇಡಿಯೊ ಮಾವ ಎದ್ದು ನಿಂತರು. ಎಲ್ಲರೂ ತಿರುಗಿ ನೋಡಿದರು.

"ರೇಡಿಯೊ ತಗೊಂಡು ಹೋದದ್ದು ನಾನು. ಯಾಕೆ ಅಂತ ನಾನೇ ಹೇಳ್ತೀನಿ," ಅಂದರು. ಆಮೇಲೆ ಒಂದು ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡರು. ಅವರು ಹಾಗೆ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. "ಆದ್ರೆ ಮೊದಲು ನೀನು ಮುಗಿಸು ತಾಯಿ. ನನಗೆ ಕಿವಿ ಕೇಳಿಸಲ್ಲ. ಸ್ವಲ್ಪ ಜೋರಾಗಿ ಹೇಳು."

ಅವಳು ಮೊದಲಿನಿಂದ, ಜೋರಾಗಿ ಹೇಳಿದಳು.