ಅಜ್ಜಿಗೆ ಹೋಲ್ಡಾನ್

ಪೀ... ಎಂದು ಸೀಟಿ ಕೂಗಿತು.

ಕಾಳಿನ ಬಟ್ಟಲು ಹಿಡಿದು ಹಿತ್ತಲ ಬಾಗಿಲಿಗೆ ಹೊರಟಿದ್ದ ಅಜ್ಜಿ ಅಲ್ಲೇ ನಿಂತಳು.

“ಕೋಳಿಗೆ ಕಾಳು ಹಾಕೋಕೂ ನಿನ್ನ ಅಪ್ಪಣೆ ಬೇಕೇನೇ?”

“ಹೋಲ್ಡಾನ್ ಅಂದ್ರೆ ಹೋಲ್ಡಾನ್ ಅಜ್ಜಿ. ನಾನು ಡ್ಯೂಟಿಲಿದೀನಿ,” ಅಂದಳು ಚೂಟಿ.

ಚೂಟಿಯ ಅಪ್ಪ ಬಸ್ ಕಂಡಕ್ಟರ್. ಒಂದು ಸೀಟಿಗೆ ಬಸ್ಸು ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಅಜ್ಜಿಯ ಮೂಳೆ ಸವೆದು ಟೊಳ್ಳಾಗಿದೆ, ಬಿದ್ದರೆ ಕಷ್ಟ ಎಂದು ಡಾಕ್ಟರು ಹೇಳಿದ ದಿನವೇ ಅವನು ತನ್ನ ಹಳೆಯ ಸೀಟಿಯನ್ನು ಮಗಳ ಕೊರಳಿಗೆ ಕಟ್ಟಿದ್ದ. ಎರಡು ಸಲ ಊದುವ ಸಂದರ್ಭ ಮಾತ್ರ ಆ ಮನೆಯಲ್ಲಿ ಇನ್ನೂ ಬಂದಿರಲಿಲ್ಲ.

ಆಸ್ಪತ್ರೆಯ ವ್ಯಾಯಾಮದ ಮೇಡಂ ಅಜ್ಜಿಗೆ ಕುರ್ಚಿಯ ಬೆನ್ನು ಹಿಡಿದು ಒಂಟಿಕಾಲಲ್ಲಿ ನಿಲ್ಲುವುದನ್ನು ಕಲಿಸಿದ್ದರು. “ದಿನಾ ಮಾಡಿ, ಓಡಾಡಿ. ಕೂತೇ ಇದ್ರೆ ಕಾಲಿಗೆ ನಡೆಯೋದೇ ಮರೆತುಹೋಗುತ್ತೆ,” ಅಂದಿದ್ದರು. ಆ ಮಾತು ಮನೆಯವರ ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಟುಹೋಗಿತ್ತು.

ಜಾರಬಾರದೆಂದು ಅಪ್ಪ ಅಜ್ಜಿ ಓಡಾಡುವ ಹಾದಿಯುದ್ದಕ್ಕೂ ಮ್ಯಾಟು ಹಾಸಿದ. ಸುಸ್ತಾದರೆ ಕೂರಲೆಂದು ಅಮ್ಮ ಅಲ್ಲಲ್ಲಿ ಸ್ಟೂಲು ಇಟ್ಟಳು. ಈಗ ಆ ಮನೆಯಲ್ಲಿ ಬೆಕ್ಕೂ ನೋಡಿ ನೋಡಿ ಕಾಲಿಡುತ್ತಿತ್ತು. ಅಪ್ಪನ ಅಕ್ಕ ದೊಡ್ಡತ್ತೆ ಫೋನಿನಲ್ಲೇ ತೀರ್ಪು ಕೊಟ್ಟಳು: “ಅಮ್ಮ ಮಲಗಿರಲಿ ಬಿಡೋ. ಮಲಗಿದವರು ಬೀಳಲ್ಲ. ಕೋಳಿಗಳನ್ನ ಭಾನುವಾರ ನಾನೇ ಬಂದು ಒಯ್ತೀನಿ.”

“ನನ್ನನ್ನೂ ಒಂದು ಬುಟ್ಟಿ ಕೆಳಗೆ ಕವುಚಿಡ್ರಪ್ಪ,” ಅಂದಳು ಅಜ್ಜಿ.

ಶನಿವಾರ ಚೂಟಿ ಸ್ಕೂಲಿಂದ ಬಂದಾಗ ಅಜ್ಜಿ ಅಡುಗೆಮನೆಯಲ್ಲಿ ಕುರ್ಚಿ ಹಿಡಿದು ಒಂಟಿಕಾಲಲ್ಲಿ ನಿಂತಿದ್ದಳು. ಕಣ್ಣು ಎದುರು ಗೋಡೆಯ ಮೊಳೆಯ ಮೇಲಿತ್ತು. ಅಜ್ಜಿ ಬಿದ್ದೇಬಿಟ್ಟಳು ಅನಿಸಿತು ಚೂಟಿಗೆ. ಬೆನ್ನ ಹಿಂದೆಯೇ ನಿಂತು, ಇದ್ದಬದ್ದ ಉಸಿರನ್ನೆಲ್ಲ ಸೀಟಿಗೆ ಊದಿದಳು.

ಅಜ್ಜಿ ಬೆಚ್ಚಿದಳು. ಮೈ ಒಂದು ಕಡೆಗೆ ವಾಲಿತು. ಕೈ ಕುರ್ಚಿಯನ್ನು ಬಿಗಿಯಾಗಿ ಹಿಡಿಯಿತು, ಎತ್ತಿದ ಕಾಲು ನೆಲ ಹುಡುಕಿಕೊಂಡಿತು. ಅಜ್ಜಿ ನಿಂತಳು. ಚೂಟಿಯ ಬಾಯಿಂದ ಸೀಟಿ ತಾನಾಗಿ ಜಾರಿತು.

“ಏನಾಯ್ತು, ಏನಾಯ್ತು?” ಎಂದು ಓಡಿ ಬಂದ ಅಪ್ಪನ ಕಾಲಿಗೆ ಮ್ಯಾಟಿನ ಅಂಚು ಸಿಕ್ಕಿತು. ಮ್ಯಾಟಿನಿಂದ ಸ್ಟೂಲಿಗೆ, ಸ್ಟೂಲಿನಿಂದ ನೆಲಕ್ಕೆ ಬಂದು ಅಪ್ಪ ಉದ್ದಕ್ಕೆ ಮಲಗಿದ.

ಅಜ್ಜಿ ಕುರ್ಚಿಯನ್ನು ಮೆಲ್ಲಗೆ ಅವನತ್ತ ಸರಿಸಿದಳು.

“ಇದನ್ನ ಹಿಡ್ಕೊಂಡು ಏಳಪ್ಪ. ಇಲ್ಲಾ ಹಾಗೇ ಇರು. ಮಲಗಿದವರು ಬೀಳಲ್ವಂತೆ, ನಿಮ್ಮಕ್ಕ ಹೇಳಿದ್ಲು.”

ಅಪ್ಪ ಮೊಣಕೈ ತಿಕ್ಕಿಕೊಳ್ಳುತ್ತ ಎದ್ದು, ಮ್ಯಾಟು ಸುತ್ತಿದ. ಚೂಟಿ ಕುರ್ಚಿ ಹಿಡಿದು ತಾನೂ ಒಂದು ಕಾಲೆತ್ತಿ ನೋಡಿದಳು. ಗಡಗಡ ಅಲುಗಿದಳು.

“ನೆಲ ನೋಡ್ಬೇಡ ಕಣೇ. ಮೊಳೆ ನೋಡು,” ಅಂದಳು ಅಜ್ಜಿ.

ಭಾನುವಾರ ದೊಡ್ಡತ್ತೆ ಬುಟ್ಟಿ ಸಮೇತ ಬಂದಳು. ಅಜ್ಜಿ ಕಾಳಿನ ಬಟ್ಟಲೆತ್ತಿಕೊಂಡು ಹಿತ್ತಲ ಬಾಗಿಲಿಗೆ ಹೊರಟಳು.

“ನೋಡ್ತಾ ನಿಂತಿದೀಯಲ್ಲೇ, ಊದೇ,” ಅಂದಳು ದೊಡ್ಡತ್ತೆ.

ಎಲ್ಲರೂ ಚೂಟಿಯನ್ನೇ ನೋಡಿದರು. ಚೂಟಿ ಕೊರಳಿಂದ ಸೀಟಿ ತೆಗೆದು ಜೇಬಿಗಿಟ್ಟಳು. ಬಾಗಿಲಿಗೆ ಅಡ್ಡವಾಗಿದ್ದ ಸ್ಟೂಲನ್ನು ಪಕ್ಕಕ್ಕೆ ಎಳೆದಳು. ಆಮೇಲೆ, ಅಜ್ಜಿ ಬೆಚ್ಚದಷ್ಟು ಮೆಲ್ಲಗೆ, “ರೈಟ್, ರೈಟ್,” ಅಂದಳು.