ಓದುಗನ್ನಡಕ

ಕನ್ನಡಕದ ಅಂಚಿನಲ್ಲಿ ಕೆಂಪು ದೀಪ ಹತ್ತಿತು. ಕಾಲೇಜಿನ ಮೆಟ್ಟಿಲ ಮೇಲೆ ಕೂತಿದ್ದ ಅತಿಥಿ ಉಪನ್ಯಾಸಕಿ ಸುಮಿತ್ರಾ ಹಡಪದ, ಕೈಯಲ್ಲಿದ್ದ ಅಸೈನ್‌ಮೆಂಟಿನ ಪುಟವನ್ನು ಮತ್ತೆ ಮೊದಲಿನಿಂದ ಓದತೊಡಗಿದಳು.

ಅದು ಓದುಗನ್ನಡಕ. ಕಣ್ಣು ಸಾಲಿನ ಮೇಲೆ ಸರಿದರೆ ಸಾಲದು. ಅರ್ಥ ತಲೆಗೆ ಹತ್ತಿದಾಗ ಮಿದುಳಿನಲ್ಲಿ ಏಳುವ ಸೂಕ್ಷ್ಮ ಅಲೆಗಳನ್ನು ಅದರ ಕಡ್ಡಿಗಳು ಗುರುತಿಸಬೇಕು. ಆಗಷ್ಟೇ ಹಸಿರು ದೀಪ. ಹಸಿರು ಹತ್ತದೆ ವಿಶ್ವವಿದ್ಯಾಲಯದ ಗಣಕಯಂತ್ರ ಅಂಕ ಸ್ವೀಕರಿಸದು. ಅತಿಥಿ ಉಪನ್ಯಾಸಕರು ಅಸೈನ್‌ಮೆಂಟ್‌ಗಳನ್ನು ಓದದೆ, ಹಾಳೆಗಳ ದಪ್ಪ ನೋಡಿ ಅಂಕ ಹಾಕುತ್ತಾರೆಂಬ ದೂರಿಗೆ ಕುಲಸಚಿವರು ಕಂಡುಕೊಂಡ ಮದ್ದು ಇದು. ದೂರು ಸುಳ್ಳೇನಲ್ಲ. ಸುಮಿತ್ರಾ ಕೂಡ ಹಾಗೇ ಹಾಕುತ್ತಿದ್ದಳು. ಆದರೆ ಮೂರು ಕಾಲೇಜುಗಳ ನಡುವೆ ಬಸ್ಸಿನಲ್ಲಿ ಜೋತಾಡುವವಳಿಗೆ ಕೂರಲೊಂದು ಕುರ್ಚಿ ಕೊಡದವರು, ರಜೆ ಬಂದರೆ ಸಂಬಳ ನಿಲ್ಲಿಸುವವರು, ಕನ್ನಡಕ ಮಾತ್ರ ಕೊಟ್ಟರು. ನಾಚಿಕೆ ಎನ್ನುವುದು ಬೇಡವೇ?

ಅದನ್ನು ರೂಪಿಸಿದ ವಿಜ್ಞಾನಿ ಡಾ. ಪ್ರಹ್ಲಾದ ಕಟ್ಟಿ ಅಂದು ತಮ್ಮ ಯಂತ್ರದ ಕೆಲಸ ನೋಡಲು ಬಂದಿದ್ದರು.

"ಇನ್ನ ಯಾರಿಗೂ ಕಣ್ತಪ್ಪಿಸಾಕ ಆಗೂದಿಲ್ಲ, ನೋಡ್ರಿ ಮೇಡಂ," ಎಂದರು.

"ಓದೂದು ಅಳ್ಯಾಕ ಯಂತ್ರ ಮಾಡೀರಿ ಸರ್. ಓದಾಕ ಹೊತ್ತು ಕೊಡೂ ಯಂತ್ರ ಯಾವಾಗ ಮಾಡ್ತೀರಿ?"

ಅಷ್ಟರಲ್ಲಿ ಶಿವಲೀಲಾ ಎಂಬ ವಿದ್ಯಾರ್ಥಿನಿ ಬಂದಳು. ಹಿಂದೆಲ್ಲ ಹತ್ತಕ್ಕೆ ಒಂಬತ್ತು ಸಿಗುತ್ತಿದ್ದವಳಿಗೆ ಈ ಸಲ ನಾಲ್ಕು. ಜಗಳ ಬಂತೆಂದು ವಿಜ್ಞಾನಿ ಪಕ್ಕಕ್ಕೆ ಸರಿದರು.

"ಉತ್ತರದ ಬಾಜೂಕ ನೀವು ಬರ್ದಿದ್ದು ಖರೇ ಐತ್ರಿ ಮೇಡಂ. ತಿದ್ದಿ ಬರ್ಕೊಂಡು ಬಂದೀನಿ, ನೋಡ್ತೀರೇನ್ರಿ?"

ಅವಳ ಹಿಂದೆ ಇನ್ನೂ ಹಲವರು ಹಾಳೆ ಹಿಡಿದು ನಿಂತಿದ್ದರು. ಇದನ್ನು ಕಟ್ಟಿಯವರೂ ಎಣಿಸಿರಲಿಲ್ಲ.

ಓದುತ್ತ ಕೂತದ್ದರಿಂದ ಫಲಿತಾಂಶ ತಡವಾಯಿತು. ಕುಲಸಚಿವರು ಸುಮಿತ್ರಾಳನ್ನು ಕೆಲಸದಿಂದ ತೆಗೆಯುವ ಆದೇಶ ಸಿದ್ಧಮಾಡಿಟ್ಟುಕೊಂಡೇ ವಿಚಾರಣೆಗೆ ಕರೆದರು. ಅವಳು ಬರೆದುಕೊಟ್ಟ ವಿವರಣೆ ಅವರ ಮೇಜಿನ ಮೇಲಿತ್ತು.

"ಪೂರ್ತಿ ಓದೀನಿ. ಒಪ್ಪೂ ಹಂಗಿಲ್ಲ," ಎಂದರು ಅವರು.

ತಜ್ಞರಾಗಿ ಕೂತಿದ್ದ ಕಟ್ಟಿಯವರು ಎದ್ದು ಕನ್ನಡಕವನ್ನು ಮುಂದಿಟ್ಟರು. "ಇದನ್ನ ಹಾಕ್ಕೊಂಡು ಇನ್ನೊಮ್ಮೆ ಓದ್ರಿ ಸರ್."

ಸಭೆಯ ಎದುರು ಒಲ್ಲೆ ಎನ್ನಲಾಗದೆ ಕುಲಸಚಿವರು ಹಾಕಿಕೊಂಡರು. ಹಾಳೆಗಳು ಒಂದೊಂದಾಗಿ ಮಗುಚಿದವು. ಕೊನೆಯ ಪುಟದವರೆಗೂ ದೀಪ ಕೆಂಪಾಗಿಯೇ ಇತ್ತು.

ಮರುವಾರವೇ ತಾಂತ್ರಿಕ ದೋಷದ ನೆಪ ಹೇಳಿ ಕನ್ನಡಕಗಳನ್ನೆಲ್ಲ ಹಿಂದಕ್ಕೆ ಪಡೆದರು. ಮಾತು ಹೊರಗೆ ಹೋಗದಿರಲೆಂದು ಸುಮಿತ್ರಾಳ ಕೆಲಸ ಉಳಿಸಿದರು. ಮುಂದಿನ ಕಟ್ಟನ್ನು ಅವಳು ಬಸ್ಸಿನಲ್ಲೇ, ದಪ್ಪ ನೋಡಿ ಮುಗಿಸಿದಳು. ಫಲಿತಾಂಶ ವೇಳೆಗೆ ಬಂತು, ಕುಲಸಚಿವರಿಂದ ಮೆಚ್ಚುಗೆಯೂ ಬಂತು.

ಶಿವಲೀಲಾಳಿಗೆ ಹತ್ತಕ್ಕೆ ಒಂಬತ್ತು. ಅವಳು ಹಾಳೆಗಳನ್ನು ಹಿಂದೆ ಮುಂದೆ ತಿರುವಿ ನೋಡುತ್ತ ಮೆಟ್ಟಿಲ ಬಳಿ ಬಂದಳು.

"ಈ ಸಲ ಬಾಜೂಕ ಏನೂ ಬರ್ದಿಲ್ಲಲ್ರಿ ಮೇಡಂ. ನಾ ಎಲ್ಲಿ ತಪ್ಪೀನ್ರಿ?"