ಸೋಮವ್ವನ ಎಮ್ಮಿ, ಸರಕಾರದ ಪಂಪು

"ಕೇಳ್ರಪ್ಪೋ ಕೇಳ್ರಿ! ಸೋಮವ್ವನ ಎಮ್ಮಿ ಕೊಂಡವಾಡದಾಗ ಐತಿ. ದಂಡ ಕಟ್ಟಿ ಬಿಡಿಸ್ಕೊಂಡು ಹೋಗ್ರೋ!"

ಡಣ್ ಡಣ್ ಡಣ್. ವಾಲಿಕಾರ ಕಾಡಪ್ಪಜ್ಜನ ಹಲಗಿ ಓಣಿಯ ಮೂಲೆ ತಿರುಗಿತು. ಸಾಲಿಗೆ ಹೊರಟಿದ್ದ ಗುರುಬಸವ್ವ ಕಿವಿ ಮುಚ್ಚಿಕೊಂಡಳು.

ಹಿಂದಿನಿಂದ ಗೆಳತಿ ಕರೆವ್ವ ಓಡಿಬಂದಳು. "ಏ ಗುರಿ, ನಿಮ್ಮ ಎಮ್ಮಿ ಜೇಲಿನಾಗ ಕುಂತೈತಂತ. ಬುತ್ತಿ ಒಯ್ಯಂಗಿಲ್ಲೇನ?"

ದಿನವಿಡೀ ಕ್ಲಾಸಿನಲ್ಲಿ ಅದೇ ಚೇಷ್ಟೆ.

ಸಂಜೆ ಮನೆಗೆ ಬಂದರೆ ಅವ್ವ ಹೊಸ್ತಿಲಲ್ಲಿ ಕೂತಿದ್ದಳು. ಉಡಿಯ ತುಂಬ ಹುಳ ತಿಂದ ಹತ್ತಿಕಾಯಿ. ಎಮ್ಮೆ ಬಿಡಿಸಿಕೊಂಡು ಬಂದಿದ್ದಳು. ಹುಳಕ್ಕೆ ಎಣ್ಣಿ ಹೊಡೆಯುವ ಪಂಪು ಮಾತ್ರ ಸಿಕ್ಕಿರಲಿಲ್ಲ.

"ಅರ್ಧ ರೊಕ್ಕ ಸರಕಾರನ ಹಾಕಿ ಕಳಿಸೇತಿ. ಜೀಪು ತುಂಬ ಬಂದಿದ್ವು. ಈಗ ಎಲ್ಲಾ ಖಾಲಿ ಅಂತಾರ ಪಂಚಾಯ್ತಿ ಚೇರಮನ್ನರು."

"ಯಾರ್ಯಾರಿಗೆ ಕೊಟ್ಟಾರಂತ?"

"ಅದನ್ನ ಹೇಳಂಗಿಲ್ಲಂತ."

"ಮತ್ತ ನಮ್ಮ ಹೊಲದಾಗಿನ ವರಲಕ್ಷ್ಮಿ ಹತ್ತಿ ಗತಿ ಏನ?"

ಅವ್ವ ಕಾಯಿಯೊಳಗಿನ ಹುಳ ತೆಗೆದು ಅಂಗಳಕ್ಕೆ ಎಸೆದಳು. ಕೋಳಿ ಓಡಿಬಂತು.

ಗುರುಬಸವ್ವ ಕಾಡಪ್ಪಜ್ಜನ ಗುಡಿಸಲಿಗೆ ಹೋದಳು. ಅಜ್ಜ ಹಲಗಿಯನ್ನು ಬೆಂಕಿಗೆ ಹಿಡಿದು ಬಿಗಿ ಮಾಡುತ್ತಿದ್ದ.

"ಅಜ್ಜಾ, ನಮ್ಮ ಎಮ್ಮೀದು ಊರಿಗೆಲ್ಲ ಕೂಗಿದಿ. ಪಂಪು ಯಾರ ಮನಿಗೆ ಹೋದ್ವು ಅಂತ ಯಾಕ ಕೂಗಲಿಲ್ಲ?"

"ಪಂಚಾಯ್ತಿಯವರು ಹೇಳಿದ್ದಷ್ಟ ಕೂಗಾಂವ ನಾ, ತಂಗಿ."

"ಹಂಗಾರ ನಾನ ಕೂಗತೇನಿ."

ಮನೆಗೆ ಓಡಿದಳು. ಅಡಿಗೆಮನೆಯಿಂದ ಹಿಟ್ಟು ನಾದುವ ಪರಾತ ಬಂತು, ಲಟ್ಟಣಿಗೆ ಬಂತು. ಡಣ್ ಡಣ್ ಡಣ್.

"ಕೇಳ್ರಪ್ಪೋ ಕೇಳ್ರಿ! ಸರಕಾರದ ಪಂಪು ಯಾರ ಮನ್ಯಾಗ ಅದಾವೋ ಹೇಳ್ರೋ!"

ದೇವಕ್ಕ ಆಯಿ ಬಾಗಿಲಿಗೆ ಬಂದಳು. "ನಮ್ಮನ್ಯಾಗ ಇಲ್ಲವಾ."

"ನನಗೂ ಕೇಳಿ ಕೇಳಿ ಸಾಕಾತು" ಅಂದ ಆಚೆ ಮನೆಯ ಹಣಮಂತಪ್ಪ.

ಮನೆಮನೆಗೂ ಅದೇ ಮಾತು. ಇಲ್ಲ ಅಂದವರು ಒಳಗೆ ಹೋಗಲಿಲ್ಲ, ಅವಳ ಹಿಂದೆ ನಡೆದರು. ಕರೆವ್ವನೂ ಒಂದು ಮುಚ್ಚಳ ಬಡಿಯುತ್ತ ಸೇರಿಕೊಂಡಳು. ನಿಜಗುಣಪ್ಪ ಚೇರಮನ್ನರ ಮನೆ ಬರುವಷ್ಟರಲ್ಲಿ ಇಡೀ ಓಣಿಯೇ ಅಲ್ಲಿತ್ತು.

ಚೇರಮನ್ನರು ಚಹಾದ ಬಸಿ ಹಿಡಿದೇ ಹೊರಗೆ ಬಂದರು. "ಯಾರ ಮಗಳು ಇಕಿ?"

"ಮುಂಜಾನೆ ಎಮ್ಮೀದು ಕೂಗಿಸಿದ್ರಲ್ಲರಿ, ಆ ಸೋಮವ್ವನ ಮಗಳ್ರಿ."

"ಯಾರಿಗೆ ಏನು ಸಿಕ್ತು ಅಂತ ಓಣ್ಯಾಗ ಒದರತಾರೇನ? ಮಂದಿಗೆ ಮರ್ಯಾದಿ ಅಂತ ಇರತೈತಿ."

ಗುರುಬಸವ್ವ ಪರಾತ ಕೆಳಗಿಳಿಸಿದಳು.

"ನಮ್ಮ ಎಮ್ಮಿಗೆ ಇರಲಿಲ್ಲೇನ್ರಿ ಕಾಕಾ, ಮರ್ಯಾದಿ?"

ಯಾರೋ ಕಿಸಕ್ಕನೆ ನಕ್ಕರು. ದೇವಕ್ಕ ಆಯಿ ಕಟ್ಟೆಯ ಮೇಲೆ ಕೂತೇಬಿಟ್ಟಳು. "ಕೂಸು ಖರೇನ ಕೇಳೇತಿ, ನಿಜಗುಣಪ್ಪ. ನಿದಾನ ನೆನಪ ಮಾಡ್ಕೊಂಡು ಹೇಳು. ನಮಗೇನು ಅವಸರಿಲ್ಲ."

ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಬಸಿಯಲ್ಲಿ ಚಹಾ ಆರಿತು. ದೀಪ ಹಚ್ಚುವ ಹೊತ್ತಾದರೂ ಯಾರೂ ಏಳಲಿಲ್ಲ. ಕೊನೆಗೆ ಚೇರಮನ್ನರೇ ಕಾಡಪ್ಪಜ್ಜನಿಗೆ ಹೇಳಿಕಳಿಸಿದರು.

ಮರುದಿನ ಮುಂಜಾನೆ ಮತ್ತೆ ಹಲಗಿ. ಡಣ್ ಡಣ್ ಡಣ್.

"ಕೇಳ್ರಪ್ಪೋ ಕೇಳ್ರಿ! ಒಂದನೇ ಪಂಪು, ನಿಜಗುಣಪ್ಪ ಚೇರಮನ್ನರು. ಎರಡನೇ ಪಂಪು, ನಿಜಗುಣಪ್ಪ ಚೇರಮನ್ನರು. ಮೂರನೇ ಪಂಪು, ಅವರ ಅಳಿಯಂದಿರು..."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಡೀರಿ ದೇವಕ್ಕ ಆಯಿ, ಆ ಎರಡನೇ ಪಂಪು ಕೇಳೂಣು" ಎನ್ನುತ್ತ ಪಂಚಾಯ್ತಿ ಚಾವಡಿಯ ಕಡೆಗೆ ಹೊರಟಳು.

ಗುರುಬಸವ್ವ ಎಮ್ಮೆಯ ಪಕ್ಕದಲ್ಲಿ ನಿಂತಿದ್ದಳು. ನಿನ್ನೆಯದೇ ಹಲಗಿ, ನಿನ್ನೆಯದೇ ದನಿ. ಎಮ್ಮೆ ಕಿವಿ ನಿಗುರಿಸಿತು. ಅವಳ ಕೈ ಕಿವಿಯತ್ತ ಹೋಗಲಿಲ್ಲ, ಎಮ್ಮೆಯ ಕೊರಳ ಮೇಲೆಯೇ ಇತ್ತು.